ಬಿಕ್ಕೋಡಿನ ಉಗ್ರಪ್ಪ

ಕಂಪ್ಯೂಟರ್ ಪರದೆಯ ಮೇಲೆ ಉಗ್ರಪ್ಪನ ಹೆಸರು ಮೂಡಿದ್ದೇ ತಡ, ಶಿವಗಂಗಾ ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಂಡಳು.

‘ಹೊಸ ಸದಸ್ಯರು: ಉಗ್ರಪ್ಪ, ಬಿಕ್ಕೋಡು. ನಿಮ್ಮ ಗೆಳೆತನ ಕೋರಿದ್ದಾರೆ.’

ಅವಳು ಕುರ್ಚಿಯಿಂದ ಎದ್ದಳು. ಮತ್ತೆ ಕೂತಳು. ಹಳೇಬೀಡಿನಲ್ಲಿ ಮನೆಗೆ ಸೇರಿದಂತಿದ್ದ ಆ ಪುಟ್ಟ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಕಲ್ಲಿನ ಗಣಪತಿಗಳನ್ನು ಬಿಟ್ಟರೆ ಅವಳೊಬ್ಬಳೇ. ಉಳಿಗಳನ್ನು ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ಗಂಡ ಸಿದ್ದಬಸಪ್ಪ ಬೆಳಗಿನ ಬಸ್ಸಿಗೇ ಅರಸೀಕೆರೆಗೆ ಹೊರಟಿದ್ದ.

ಇದಕ್ಕೆಲ್ಲ ಮೂಲ ಮೈದುನ ಇಂದುಧರ. ಅರಸೀಕೆರೆಯಲ್ಲಿ ಅವನದೊಂದು ಕಂಪ್ಯೂಟರ್ ಅಂಗಡಿ. ಅಣ್ಣನ ವ್ಯಾಪಾರಕ್ಕೆ ಬ್ಲಾಗು ಮಾಡಿಕೊಟ್ಟವನೂ ಅವನೇ. ಟೈಪಿಂಗ್ ಬಲ್ಲ ಶಿವಗಂಗಾ ಅದರಲ್ಲಿ ವಿಗ್ರಹಗಳ ಫೋಟೊ ಹಾಕಿ ನಾಲ್ಕು ಸಾಲು ಬರೆಯುತ್ತಿದ್ದಳು. ಜನ ಬರೆದ ಅಭಿಪ್ರಾಯಗಳನ್ನು ಗಂಡನಿಗೆ ಓದಿ ಹೇಳುತ್ತಿದ್ದಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೋದ ವಾರ ಬಂದ ಇಂದುಧರ ಹೊಸ ರಾಗ ತೆಗೆದ.

“ಅತ್ತಿಗೆ, ಈಗ ಎಲ್ರೂ ಆರ್ಕುಟ್‌ನಲ್ಲವ್ರೆ. ಬರೀ ಬ್ಲಾಗ್ ಇಟ್ಕೊಂಡು ಏನ್ ಮಾಡೋಣ? ನಮ್ ಬ್ಲಾಗಲ್ಲೂ ಹಂಗೇ ಓದೋರೆಲ್ಲ ಸದಸ್ಯರಾಗ್ಲಿ. ಫೋಟೊ ಹಾಕ್ಲಿ, ಗೆಳೆಯರಾಗ್ಲಿ, ಅವ್ರವ್ರೇ ಮಾತಾಡ್ಕೊಳ್ಲಿ. ಯಾಪಾರ ತಾನಾಗೇ ಬತ್ತದೆ.”

“ಬ್ಯಾಡಪ್ಪ. ಯಾರ್ಯಾರೋ ಬತ್ತಾರೆ.”

“ಬರ್ಲಿ ಅಂತಾನೇ ಅಲ್ವಾ ಅಂಗಡಿ ಇಟ್ಟಿರೋದು? ಅಣ್ಣಂಗೂ ಉಗ್ರಪ್ಪೋರ ಮುಖ ನೋಡೋ ಆಸೆ.”

ಅವಳ ಕೈಲಿದ್ದ ಕಾಫಿ ಲೋಟ ತುಳುಕಿತು.

“ಏನತ್ತಿಗೆ, ನಿಮ್ಗೂ ಉಗ್ರಪ್ಪೋರಿಗೂ?” ಇಂದುಧರ ನಕ್ಕ. ಅವಳಿಗೆ ನಗು ಬರಲಿಲ್ಲ. ಸಿದ್ದಬಸಪ್ಪ ಮಾತ್ರ ಗಂಭೀರವಾಗಿ, “ನೀನು ಬ್ಯಾಡ ಅಂದ್ರೆ ಬ್ಯಾಡ. ನೀನೇ ತೀರ್ಮಾನ ಮಾಡು” ಎಂದ. ಆಮೇಲೆ ಅಣ್ಣತಮ್ಮ ಹಿತ್ತಲ ಕೋಣೆ ಸೇರಿ ಬಹಳ ಹೊತ್ತು ಗುಸುಗುಸು ನಡೆಸಿದ್ದರು.

ಬ್ಲಾಗು ಶುರುವಾದ ವರ್ಷವೇ ಕಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಸಿದ್ದಬಸಪ್ಪನ ಬಲಗೈಯ ಎರಡು ಬೆರಳು ಹೋಗಿದ್ದವು. ಅವನು ಉಳಿ ಮೂಲೆಗೆಸೆದು ಗೋಡೆ ನೋಡುತ್ತ ಕೂತುಬಿಟ್ಟ. ಊಟ ಸೇರದು, ಮಾತು ಬೇಡ. ಆಗ ಬ್ಲಾಗಿಗೆ ಬಂದವನು ಉಗ್ರಪ್ಪ. ‘ಶಿಲ್ಪಿಗಳಿಗೆ ನಮಸ್ಕಾರ. ಎಡಗೈ ಇದೆಯಲ್ಲ, ಸುಮ್ಮನೆ ಕೂರುವುದೇಕೆ?’ ಮಿಕ್ಕವರು ‘ಸಿದ್ದಬಸಪ್ಪನವರೇ’ ಎಂದು ನಯವಾಗಿ ಬರೆದರೆ ಇವನದು ಬರೀ ಬೈಗುಳ. ಗಣಪತಿಯ ಸೊಂಡಿಲು ಸರಿಯಿಲ್ಲ, ನವಿಲಿಗೆ ಜೀವವಿಲ್ಲ. ಆ ಬೈಗುಳಕ್ಕೇ ಸಿದ್ದಬಸಪ್ಪ ಎದ್ದು ಕೂತ, ಉಳಿ ಹಿಡಿದ. “ಉಗ್ರಪ್ಪ ಏನಂದ?” ಎಂದು ಕೇಳದೆ ಅವನಿಗೆ ಬೆಳಗಾಗುತ್ತಿರಲಿಲ್ಲ.

ಆ ಉಗ್ರಪ್ಪನ ಮುಖ ಗಂಡ ನೋಡಿದ ದಿನ ಎಲ್ಲ ಮುಗಿಯಿತೆಂದು ಶಿವಗಂಗಾಳಿಗೆ ಗೊತ್ತಿತ್ತು. ಅವನು ಮತ್ತೆ ಉಳಿ ಎಸೆಯುತ್ತಾನೆ. ಅವಳ ಮುಖವನ್ನಂತೂ ಎತ್ತಿ ನೋಡಲಾರ. ಅದಕ್ಕೇ ವಾರವಿಡೀ ಬೇಡ, ಬೇಡ ಎಂದು ತಳ್ಳಿಕೊಂಡು ಬಂದಿದ್ದಳು.

ಇವತ್ತು ಬೆಳಿಗ್ಗೆ ಇಂದುಧರ ಫೋನು ಮಾಡಿದ್ದ. “ಒಂದಿನದ ಮಟ್ಟಿಗೆ ಬ್ಲಾಗ್‌ಗೆ ಆ ಸದಸ್ಯರ ಏರ್ಪಾಡು ಹಾಕಿದೀನಿ ಅತ್ತಿಗೆ. ಬೇಕೋ ಬ್ಯಾಡ್ವೋ ಸಂಜೆ ಹೇಳಿ.”

ಸಂಜೆಯವರೆಗೂ ಕಾಯಬೇಕಾಗಲಿಲ್ಲ.

ಬಾಗಿಲು ದಡದಡ ಸದ್ದು ಮಾಡಿತು. ಶಿವಗಂಗಾ ಬೆಚ್ಚಿದಳು. ಗಣಪತಿಯ ಪಾರ್ಸೆಲ್ ಒಯ್ಯಲು ಬಂದ ಕೊರಿಯರ್‌ನವನು.

“ಪಾರ್ಸೆಲ್ ಕಳ್ಸೋರ ಹೆಸ್ರು?”

“ನಮ್ಮನೆಯವ್ರದ್ದು.”

“ಅದೇ, ಹೆಸ್ರು ಹೇಳಮ್ಮ.”

ಅವಳು ಸುಮ್ಮನೆ ಬಾಗಿಲ ಮೇಲೆ ಗಂಡನ ಹೆಸರಿದ್ದ ಬೋರ್ಡಿನತ್ತ ಕೈ ತೋರಿಸಿದಳು. ಅವನು ನಕ್ಕು, ಓದಿ ಬರೆದುಕೊಂಡು ಹೋದ.

ಒಳಗೆ ಬಂದರೆ ಉಗ್ರಪ್ಪನ ಫೋಟೊ ಮೇಲಿನಿಂದ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಗೋಣಿಚೀಲ. ಆಮೇಲೆ ಒಂದು ಕಲ್ಲಿನ ಕಿವಿ. ಆಮೇಲೆ ಕಣ್ಣು.

ಅದು ಹಿತ್ತಲ ಕೋಣೆಯಲ್ಲಿ ಸಿದ್ದಬಸಪ್ಪ ಎಡಗೈಯಲ್ಲಿ ಕೆತ್ತುತ್ತಿದ್ದ ನಂದಿ. ಒಂದೇ ಕಿವಿ ಮುಗಿದಿತ್ತು. ಪೂರ್ತಿಯಾಗುವವರೆಗೆ ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಗೋಣಿ ಹೊದಿಸಿಟ್ಟಿದ್ದ. ಅಂದರೆ ಈ ಮನುಷ್ಯ ಮನೆಯೊಳಕ್ಕೇ ಬಂದು ಹೋಗಿದ್ದಾನೆ!

ಓಡಿಹೋಗಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದಳು. ಗಂಡನ ಉಳಿಗಳ ಚೀಲ ಗೋಡೆಯ ಮೊಳೆಯಲ್ಲೇ ಜೋತಾಡುತ್ತಿತ್ತು. ಕಣ್ಣಿಗೆ ಬಿತ್ತಾದರೂ ಅದರ ಬಗ್ಗೆ ಯೋಚಿಸುವಷ್ಟು ಬುದ್ಧಿ ನೆಟ್ಟಗಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಕ್ಕಪಕ್ಕದವರನ್ನು ಕೂಗಬಹುದಿತ್ತು. ಅವಳು ಏನೆಂದು ಕೂಗಬೇಕು? ಬಿಕ್ಕೋಡಿನಲ್ಲಿ ಅಂಥ ಉಗ್ರಪ್ಪ ಇರಲೇ ಇಲ್ಲ. ಇದೇ ಕುರ್ಚಿಯಲ್ಲಿ ಕೂತು, ಗಂಡ ಮತ್ತೆ ಉಳಿ ಹಿಡಿಯಲಿ ಎಂದು ಅವನ ಹೆಸರಿನಲ್ಲಿ ಬೈದು ಬೈದು ಬರೆದವಳು ಅವಳೇ. ಇಲ್ಲದ ಮನುಷ್ಯ ಈಗ ಫೋಟೊ ಸಮೇತ ಬಂದು ಗೆಳೆತನ ಕೇಳುತ್ತಿದ್ದ.

ಮತ್ತೆ ಕುರ್ಚಿಗೆ ಬಂದು ಬರೆದಳು: ‘ನೀವು ಯಾರು?’

ಉತ್ತರ ಬೇಗ ಬರಲಿಲ್ಲ. ಬಸ್ಸೊಂದು ಹಾರನ್ ಹೊಡೆದುಕೊಂಡು ಬೀದಿ ದಾಟಿತು. ಕರೆಂಟು ಹೋದರೆ ಸಾಕೆಂದು ಬೇಡಿಕೊಂಡಳು. ಹೋಗಲಿಲ್ಲ.

ಕೊನೆಗೂ ಸಾಲು ಮೂಡಿತು.

‘ತಡವಾಯ್ತು, ಬೆರಳು ಕಮ್ಮಿ. ನಂಗೆ ಯಾವತ್ತೋ ಗೊತ್ತಾಯ್ತು ಕಣೇ. ಊರೋರೆಲ್ಲ ನನ್ನ ಹೆಸರು ಹಿಡಿದು ಬರೆದ್ರು, ಉಗ್ರಪ್ಪ ಮಾತ್ರ ಅಷ್ಟೊಂದು ಬೈದ್ರೂ ಒಂದ್ಸಲಾನೂ ನನ್ನ ಹೆಸರು ಬರೀಲಿಲ್ವಲ್ಲೇ, ಗಂಗಾ!’