ಕತ್ತರಿ ಇಲ್ಲದ ಮೇಜು

ಮೇಜಿನ ಮೇಲೆ ಅವಳ ಕತ್ತರಿ ಇರಲಿಲ್ಲ. ಬಟ್ಟೆ ಕತ್ತರಿಸುವುದೇ ಅವಳ ಕಸುಬು. ಮನಸ್ಸಿನ ಕಾಯಿಲೆಗೆ ರಜೆ ಹಾಕಿದ್ದವಳು ಇವತ್ತಷ್ಟೇ ಹೊಲಿಗೆ ಕಾರ್ಖಾನೆಗೆ ಮರಳಿದ್ದಳು.

"ನೀನು ಆರಾಮಾಗಿ ಮಡಚ್ತಾ ಕೂತ್ಕೋ ಅಕ್ಕ, ಕತ್ತರಿ ಗಿತ್ತರಿ ನಮಗಿರ್ಲಿ," ಎಂದಳು ಪಕ್ಕದವಳು, ಮುಖ ನೋಡದೆ. ತಾನು ತನಗೋ ಇನ್ನೊಬ್ಬರಿಗೋ ಏನಾದರೂ ಮಾಡಿಯೇನೆಂಬ ಭಯ ಎಲ್ಲರಿಗೂ! ಒಬ್ಬರಾದರೂ ಮೊದಲಿನಂತೆ ಗೇಲಿ ಮಾಡಬಾರದಿತ್ತೇ? ಈಗ ಎದ್ದುಹೋದರೆ ಮತ್ತೆಂದೂ ಈ ಹೊಸ್ತಿಲು ತುಳಿಯಲಾರೆನೆಂದು ಅವಳಿಗೆ ಗೊತ್ತಿತ್ತು. ದೇವರೇ ಕೈಬಿಡಬೇಡ ಎನ್ನುತ್ತಲೇ ಚೀಲ ಹೆಗಲಿಗೇರಿಸಿದಳು.

"ಏನೇ, ಎಲ್ಲಿಗೆ ಹೊರಟಿತು ಸವಾರಿ?" ಎಲ್ಲರೂ ದೊಡ್ಡಮ್ಮ ಎನ್ನುವ ಸೂಪರ್‌ವೈಸರ್ ಅಡ್ಡ ಬಂದು, ಬೀರುವಿನಿಂದ ಅವಳ ಕತ್ತರಿ ತೆಗೆದು ಕೈಗಿಟ್ಟಳು. "ಕಾಲರಿನ ದಾರ ಬೆಳಿಗ್ಗೆಯಿಂದ ಚುಚ್ತಾ ಇದೆ ಕಣೇ. ಈ ಹುಡುಗೀರಿಗೆ ಹೇಳಿದ್ರೆ ಅಂಗೀನೇ ಸೀಳಿ ಹಾಕ್ತಾರೆ. ನೀನೇ ಕತ್ತರಿಸು." ಹಾಗೆಂದವಳೇ ಬೆನ್ನು ತಿರುಗಿಸಿ, ನರೆಗೂದಲನ್ನು ಎತ್ತಿ ಹಿಡಿದು ತಲೆ ತಗ್ಗಿಸಿದಳು.

ಹೊಲಿಗೆಯಂತ್ರಗಳು ಒಂದೊಂದಾಗಿ ನಿಂತವು. ಪಕ್ಕದವಳು ಅರ್ಧ ಎದ್ದು ನಿಂತಳು. ಆ ಮುದಿ ಕುತ್ತಿಗೆ ಮಾತ್ರ ಕದಲದೆ ಕಾಯುತ್ತಿತ್ತು. ಅವಳು ಚೀಲ ಕೆಳಗಿಟ್ಟಳು.