ಹತ್ತಿರದ ದಾರಿ

ಉಪಗ್ರಹದ ನೆರವಿನಿಂದ ವಿಮಾನಗಳು ಬಂದಿಳಿಯುವ ಹೊಸ ದಾರಿ ಅಂದು ಬೆಳಿಗ್ಗೆಯೇ ಜಾರಿಗೆ ಬಂದಿತ್ತು. ಅದನ್ನು ರೂಪಿಸಿದ ಚಿದಂಬರ, ಆ ಖುಷಿಗೆ ಮೇಲಧಿಕಾರಿಯನ್ನು ಮನೆಗೆ ಊಟಕ್ಕೆ ಕರೆತಂದ.

“ಇನ್ಮೇಲೆ ವಿಮಾನ ನಮ್ಮ ಬಡಾವಣೆ ಮೇಲೆ ಸುತ್ಕೊಂಡು ಬರ್ಬೇಕಾಗಿಲ್ಲ ಸಾರ್, ನೇರ ಬಂದು ಇಳಿಯೋದೇ. ಎಷ್ಟು ಟೈಮ್ ಉಳೀತು ನೋಡಿ!”

“ಭೇಷ್!” ಎಂದರು ಅವರು.

ಎಲೆಗೆ ಪಲ್ಯ, ಕೋಸಂಬರಿ ಬಂದು ಬಹಳ ಹೊತ್ತಾಯಿತು. ಅನ್ನ ಮಾತ್ರ ಬರಲೇ ಇಲ್ಲ. ಚಿದಂಬರ ಅಡುಗೆಮನೆಗೆ ಓಡಿದ.

“ಅಮ್ಮಾ, ಸಾಹೇಬ್ರು ಉಪ್ಪಿನಕಾಯಿ ನೆಕ್ಕೊಂಡು ಕೂತಿದಾರೆ. ಅನ್ನ ಎಲ್ಲಿ?”

“ಇನ್ನೂ ಕುಕ್ಕರ್ ಇಟ್ಟಿಲ್ಲ ಕಣೋ.”

“ಯಾಕಮ್ಮಾ?”

ಅಮ್ಮ ಕಿಟಕಿಯಿಂದ ಆಕಾಶ ನೋಡಿದರು.

“ದಿನಾ ಮಧ್ಯಾಹ್ನದ ವಿಮಾನ ನಮ್ಮನೆ ಮೇಲೆ ಹೋದ್ಮೇಲೇ ಅಲ್ವೇನೋ ನಾನು ಅಕ್ಕಿ ತೊಳೆಯೋದು? ಇವತ್ತು ಯಾಕೋ ಅದು ಭಾರೀ ಲೇಟು!”