ಗುರುಬಾಯಿ ತಂದ ಡಾಕ್ಟರ್ ಚೀಟಿ

ಇದು ಖರೇನ ನಡದದ್ದು. ಸುಳ್ಳಾದ್ರ ನನ್ನ ನಾಲಿಗಿ ಪರೇಲದ ಗಟಾರದಾಗ ಬೀಳ್ಲಿ.

ಡಾಕ್ಟರ್ ಶಾಮಣ್ಣನ ದವಾಖಾನಿ ಬಾಗಿಲದಾಗ ಗುರುಬಾಯಿ ಮೂಗಿಗೆ ಸೆರಗು ಒತ್ತಿಕೊಂಡು ಗಂಡನ್ನ ನೋಡಿದ್ಲು. ಥೂ! ಸಾಯಬಣ್ಣನ ಬಾಯಾಗ ಕಳ್ಳಭಟ್ಟಿ ನಾತ. ಅಂಗಿದು ಬ್ಯಾರೆ. ಸತ್ತ ಹೆಗ್ಗಣದ ಮ್ಯಾಲೆ ಕೊಳತ ಬೆಲ್ಲ ಸುರದಂಗ.

"ಇವತ್ತೇ ಕುಡೀಬೇಕಿತ್ತೇನು? ನಿನ್ನ ಬಾಯಾಗ ಮಣ್ಣ ಹಾಕ!"

"ನೀ ಯಾಕ ಬೆನ್ನ ಹತ್ತಿ ಬಂದಿ? ಮನಿಗೆ ನಡಿ," ಅಂದ ಸಾಯಬಣ್ಣ.

ಆಕಿ ಹ್ಯಾಂಗ ಹೋದಾಳು? ಬಿಲ್ಡಿಂಗ್ ಗುತ್ತೇದಾರ ಬಸವಂತರಾಯ ನಿನ್ನೆ ಗಂಡಗ ಹೇಳಿದ್ದು ಕಿವಿಯಾರೆ ಕೇಳಿದ್ಲು: "ಡಾಕ್ಟರ್ ಕುಡಿತದ ಪರೀಕ್ಷಾ ಮಾಡ್ತಾನ. ಚೀಟಿ ತಂದಿ, ವಿಲೆ ಪಾರ್ಲೆದಾಗ ವಾಚ್‌ಮನ್ ಕೆಲಸ ಕಾಯಂ, ಖೋಲೀನೂ ನಿಂದ. ತರಲಿಲ್ಲ, ಊರಿಗೆ ನಡಿ." ಫುಟ್‌ಪಾತದ ಮ್ಯಾಲೆ ಗೋಣಿ ತಟ್ಟಿನ ಮರಿಗೆ ಸಂಸಾರ ಮಾಡಾಕಿಗೆ ಖೋಲಿ ಅಂದ್ರ ಕೈಲಾಸ.

ಅಷ್ಟರಾಗ ಒಬ್ಬಾಂವ ತೂರ್ಯಾಡಕೋತ ಒಳಗ ಹೋದ. "ಸಾಹೇಬ್ರ, ಅದಿಲ್ಲಂದ್ರ ನಂಗ ಹೊತ್ತ ಹೋಗಂಗಿಲ್ರಿ!" ಅಂತ ಅತ್ತ.

ಡಾಕ್ಟರ್ ಮೈಸೂರ ಕಡೆಯಾಂವ. ಗುಡುಗಿದ: "ಎದ್ದು ಹೋಗಯ್ಯಾ ಆಚೆಗೆ! ದಿನಾ ಇದೇ ಗೋಳಾಗೋಯ್ತು."

ಹೊರಗ ಬಂದಾಂವ ಕಣ್ಣ ಒರಸಿಕೊಂಡು, ನೆಟ್ಟಗ ಮೆಟ್ಟಲ ಇಳದು ಹೋದ.

ಗುರುಬಾಯಿಗೆ ತಿಳೀತು. ಒಪ್ಪಿಕೊಂಡ್ರ ಕೆಟ್ಟಿವಿ.

ಸಾಯಬಣ್ಣನ ಪಾಳಿ ಬಂತು. ಕೈ ಚಾಚಂದ್ರ ಜ್ವಾಳದ ಗರಿ ಅಲಗಾಡಿದಂಗ ಕೈ ನಡಗಾಕ ಹತ್ತಿದುವು. ಗುರುಬಾಯಿ ಜಿಗದು ಎರಡೂ ಕೈ ಗಚ್ಚಿ ಹಿಡದ್ಲು.

"ಚಳಿರಿ ಎಪ್ಪಾ!"

"ಮೇ ತಿಂಗಳಲ್ಲಿ ಚಳಿನಾ? ಬಾಯಿ ಯಾಕಮ್ಮ ಹೀಗೆ ನಾರುತ್ತೆ?"

"ಹಲ್ಲ ನೋವಿಗೆ ಏನೋ ಮುಕ್ಕಳಿಸ್ಯಾನ್ರಿ."

"ಹೌದ್ರಿ ಸಾಹೇಬ್ರ, ನಾ ದಿನಾ..." ಅಂತ ಸಾಯಬಣ್ಣ ಬಾಯಿ ತಗದ.

ಆಕಿ ಆ ಬಾಯಿಗೆ ಅಂಗೈ ಬಡದು ಮುಚ್ಚಿದ್ಲು. "ನನ್ನ ತಾಳಿ ಆಣಿರಿ, ಹುಟ್ಟಿದಾಗಿಂದ ಹನಿ ಮುಟ್ಟಿಲ್ಲ!" ಸುಳ್ಳಾಣಿ ಅಂತ ಎದಿ ಢವಢವ ಅಂತಿತ್ತು.

ಸಾಯಬಣ್ಣ ಗುಟುಕ್ ಅಂದ. ಕಣ್ಣ ಮ್ಯಾಲೆ ಹೋದುವು. ಮುಂಜಾನಿ ತಿಂದ ಜುಣಕ, ರೊಟ್ಟಿ, ಹುಳಿನೀರು, ಎಲ್ಲಾ ಭಳಕ್ಕನ ಡಾಕ್ಟರ್‌ನ ಬೂಟಿನ ಮ್ಯಾಲೆ! ಗುರುಬಾಯಿ ಸೆರಗಲೆ ಬೂಟ ಒರಸಕೋತ, "ಕುಡದಿಲ್ರಿ ಎಪ್ಪಾ, ಅಜೀರ್ಣರಿ," ಅಂದ್ಲು.

ಡಾಕ್ಟರ್ ಆಕೀನ್ನ ನೋಡಿದ. "ಪಾಪ," ಅಂದ. ಚೀಟಿ ಬರದು ಶಿಕ್ಕಾ ಗುದ್ದಿದ.

ಲೋಕಲ್ ರೈಲಿನ್ಯಾಗ ಆಕಿ ಗಂಡನ ಮಗ್ಗಲಕ ನಿಲ್ಲಲಿಲ್ಲ. ನಾತಕ್ಕ ಹೇಸಿ ದೂರ ನಿಂತ್ಲು, ಚೀಟಿ ಮಾತ್ರ ಕುಬಸದಾಗ ಬೆಚ್ಚಗಿತ್ತು.

ಬಸವಂತರಾಯ ಚೀಟಿ ನೋಡಿ ಕುಣದ. "ಶಾಬಾಶ್! ನಾ ಕಳಿಸಿದವರನ್ನೆಲ್ಲಾ ನಾಟಕ ಅಂತ ಹೊರಗ ಹಾಕಿದ್ದ ಆ ಡಾಕ್ಟರ್. ನಿನ್ನ ಮಾತ್ರ ಪಕ್ಕಾ ಕುಡುಕ ಅಂತ ಬರದಾನ! ಈ ದಾರೂಬಂದಿಯಾಗ ಚಟ ಇದ್ದ ಕುಡುಕರಿಗಷ್ಟ ದಾರೂ ಸಿಗತದ. ಇನ್ನ ಸರ್ಕಾರದ ದಾರೂ ಪರ್ಮಿಟ್ ನಿನ್ನ ಹೆಸರಿಲೆ, ಬಾಟ್ಲಿ ನನ್ನ ಹೊಟ್ಟಿಗೆ. ಆದ್ರ ಅಂಗಿಗೆ ವಾಂತಿ ಕಲಿ ಯಾಕೋ? ನಾ ಮುಕ್ಕಳಿಸಿ ಉಗುಳು ಅಂದ್ರ ನುಂಗಿದೇನು?"

"ಈಕಿ ಬಾಯಿ ಮುಚ್ಚಿದ್ಲರಿ," ಅಂದ ಸಾಯಬಣ್ಣ. "ಬಾಯಾಗ ಉಳದದ್ದು ಒಳಗ ಇಳೀತು. ಜಲ್ಮದಾಗ ಮೊದಲ್ನೇ ಗುಟುಕರಿ."

ಅದಿರ್ಲಿ, ನೀವೂ ಕುಡಿಯೂದಿಲ್ಲ ಅಂತೀರಲ್ಲ? ನಾಳೆ ಮನಿಯಾಕೀನ್ನ ಕರಕೊಂಡು ಡಾಕ್ಟರ್ ಕಡೆ ಬರ್ರಿ. ನನ್ನ ಪರ್ಮಿಟ್ ನನಗ ಸಾಲವಲ್ದು.